ಗಾದಿಗೆ ಒಂದು ನಿದ್ದೆ

ನಮ್ಮೂರಿಗೆ ಬಂದಾಗ, ನೀವು ಮಾಡುತ್ತಿರುವ ಕೆಲಸವನ್ನು ಕಣ್ಣಾರೆ ಕಾಣುತ್ತಲೇ ಯಾರಾದರೂ "ಏನ್ ಮಾಡಾಕತ್ತೀರಿ?" ಎಂದು ಕೇಳಿದರೆ ಸಿಟ್ಟಾಗಬೇಡಿ. ಕೇಳಿದವನು ಕುರುಡನೂ ಅಲ್ಲ, ಹೊತ್ತು ಹೋಗದವನೂ ಅಲ್ಲ. ಬಾವಿಗೆ ಕೊಡ ಇಳಿಬಿಟ್ಟವಳನ್ನು ನಾವು "ನೀರ್ ಸೇದಾಕತ್ತೀಯೇನವ್ವಾ?" ಎಂದು ಕೇಳುತ್ತೇವೆ. ಅವಳು ಒಂದು ಗಳಿಗೆ ಹಗ್ಗ ತಡೆದು, ಕೆಳಗಿನ ನೀರು ನೋಡಿ, "ಹೌದ್ರಿ, ಸೇದಾಕತ್ತೀನಿ" ಎನ್ನುತ್ತಾಳೆ. ಅಷ್ಟೇ. ಆ ಒಂದು ಕೊಡ ನೀರು ರಾತ್ರಿ ಅವಳನ್ನು ಹುಡುಕಿಕೊಂಡು ಬರುವುದಿಲ್ಲ. ಬೇರೆ ಊರುಗಳಲ್ಲಿ ಹೀಗೆ ಕೇಳುವುದನ್ನು ಅಧಿಕಪ್ರಸಂಗ ಅನ್ನುತ್ತಾರಂತೆ. ನಮ್ಮಲ್ಲಿ ಅದು ಪುಣ್ಯದ ಕೆಲಸ.

ನಮ್ಮೂರಲ್ಲಿ ಹಗಲು ಲಕ್ಷ್ಯವಿಲ್ಲದೆ ಮಾಡಿದ್ದು, ಕಣ್ಣೆದುರು ನಡೆದರೂ ಕಾಣದೆ ಬಿಟ್ಟದ್ದು, ಎಲ್ಲವೂ ರಾತ್ರಿ ಮರಳಿ ಬರುತ್ತದೆ. ಎಲ್ಲೋ ನೋಡುತ್ತ ಕುಡಿದ ಚಹಾ, ದೀಪ ಆರಿಸಿದ ಮೇಲೆ ಕಪ್ಪುಬಸಿ ಸಮೇತ ತಲೆದಿಂಬಿನ ಪಕ್ಕ ಹೊಗೆಯಾಡುತ್ತ ಕೂತಿರುತ್ತದೆ. ಎದ್ದು ಕುಡಿಯುವವರೆಗೆ ಅದು ಆರುವುದೂ ಇಲ್ಲ, ಹೋಗುವುದೂ ಇಲ್ಲ. ಏನೋ ಯೋಚಿಸುತ್ತ ಸ್ನಾನ ಮಾಡಿದವರ ಕೂದಲು ನಡುರಾತ್ರಿ ತೊಟ್ಟಿಕ್ಕುತ್ತದೆ. ಅಂಚೆ ಹಂಚುವ ಬಸವಂತಪ್ಪ ಒಂದು ತಿಂಗಳು ಹೆಂಡತಿ ಏನು ಹೇಳಿದರೂ ಬರೀ "ಹೂಂ, ಹೂಂ" ಅಂದಿದ್ದ. ಒಂದು ರಾತ್ರಿ ಆ ಮಾತುಗಳೆಲ್ಲ ಒಟ್ಟಾಗಿ ಬಂದು ಅವನ ಮಂಚದ ಸುತ್ತ ಕೂತವು. ಪಾಪ, ಬೆಳಕು ಹರಿಯುವವರೆಗೆ ಕೇಳಿಸಿಕೊಂಡ. ಕೋಳಿ ಕೂಗುತ್ತಲೇ ಎದ್ದು ಹೋಗಿ ಹೆಂಡತಿಗೆ ಹಸಿರು ಬಳೆ ತಂದ.

ನಾನು ದಾವಲವ್ವ. ನಮ್ಮದು ಗಾದಿ ಮಾಡುವ ಮನೆತನ. ಇವರು ಬಿಲ್ಲು ಮೀಟಿ ಅರಳೆ ಹಿಂಜುತ್ತಾರೆ, ನಾನು ತುಂಬಿ ಹೊಲಿಯುತ್ತೇನೆ. ಇವರು ಅಂದರೆ ನನ್ನ ಗಂಡ ಮೌಲಾಸಾಬ. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ, ಹೇಳಿಬಿಟ್ಟೆ, ಆಯಿತು. ಊರಲ್ಲಿ ಗಾದಿ ಹೊಲಿಯುವವಳು ನಾನೊಬ್ಬಳೇ. "ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು" ಎಂಬ ಗಾದೆ ಯಾರ ಬಾಯಿಂದ ಬಂದರೂ ನನಗೆ ಮೈಯೆಲ್ಲ ಉರಿಯುತ್ತದೆ. ಅರಿಯದಿದ್ದರೆ ನಾವೇನು ಮಣ್ಣು ತಿನ್ನಬೇಕೇ?

ಮದುವೆಯ ಗಾದಿಗೆ ನಮ್ಮಲ್ಲೊಂದು ಪದ್ಧತಿ ಇದೆ. ಹೊಲಿದವಳು ಅದರ ಮೇಲೆ ಮೊದಲು ಒಂದು ನಿದ್ದೆ ಮಾಡಿ ಎದ್ದು, ಆಮೇಲೆ ಕೊಡಬೇಕು. ಬರೀ ಮೈ ಚಾಚಿ ಎದ್ದರೆ ಆಗದು, ತುಂಬು ನಿದ್ದೆಯೇ ಆಗಬೇಕು. ಹೊಲಿದವಳಿಗೇ ನಿದ್ದೆ ಬಾರದ ಗಾದಿಯಲ್ಲಿ ಹೊಸ ಮದುಮಕ್ಕಳಿಗೆ ಎಲ್ಲಿಂದ ಬರಬೇಕು ಅನ್ನುವುದು ಹಿರಿಯರ ಮಾತು. ಇಪ್ಪತ್ತಾರು ವರ್ಷಗಳಲ್ಲಿ ನಾನು ಊರಿನ ಎಲ್ಲ ಮದುವೆಯ ಗಾದಿಗಳ ಮೇಲೂ ಗೊರಕೆ ಹೊಡೆದಿದ್ದೇನೆ. ನನ್ನ ಗೊರಕೆ ಕೇಳಿಯೇ ಬೀಗರು "ಗಾದಿ ಪಾಸಾತು" ಎಂದು ಸಕ್ಕರೆ ಹಂಚುತ್ತಿದ್ದರು. ಅಂಥ ನಾನು ನನ್ನ ಮಗಳ ಗಾದಿಯ ಹೊತ್ತಿಗೆ ಎಡವಿದೆ.

ಮಗಳು ಹಾಜರಾ. ನಮಗೆ ಇರುವವಳು ಒಬ್ಬಳೇ. ಮೂರು ಓಣಿ ಆಚೆ ಚುರುಮುರಿ ಭಟ್ಟಿ ಇಟ್ಟವರ ಹುಡುಗ ಇಸ್ಮಾಯಿಲನ ಜೊತೆ ಮದುವೆ ಗೊತ್ತಾಯಿತು. ಹುಡುಗ ಸೈಕಲ್ಲಿನ ಹಿಂದೆ ತನಗಿಂತ ಎತ್ತರದ ಚುರುಮುರಿ ಚೀಲ ಕಟ್ಟಿಕೊಂಡು ನಮ್ಮ ಬಾಗಿಲ ಮುಂದೆ ದಿನಕ್ಕೆ ನಾಲ್ಕು ಸಲ ಹಾಯುತ್ತಿದ್ದ. ನಮ್ಮ ಓಣಿಯಲ್ಲಿ ಚುರುಮುರಿ ಮಾರುವ ಒಂದು ಅಂಗಡಿಯೂ ಇಲ್ಲ. ಹಾಜರಾ ಕಿಟಕಿಯಿಂದ "ಸೈಕಲ್ ಹೊಡಿಯಾಕತ್ತೀರೇನ್ರಿ?" ಎಂದು ಕೇಳುತ್ತಿದ್ದಳು. ಅವನು "ಹೌದ್ರಿ, ಹೊಡಿಯಾಕತ್ತೀನಿ" ಅಂದು ಗಟಾರಕ್ಕೆ ಬೀಳುತ್ತಿದ್ದ. ಎರಡು ಸಲ ಬಿದ್ದ ಮೇಲೆ ನಾವೇ ಹೋಗಿ ಮಾತಾಡಿ ಮುಗಿಸಿದೆವು.

ಮದುವೆಗೆ ಒಂದು ತಿಂಗಳಾಚೆಯ ದಿನ ಗೊತ್ತುಮಾಡಿದರು. ಅಂದಿನಿಂದ ನನ್ನ ನಿದ್ದೆ ಹೋಯಿತು. ಕೈ ರೊಟ್ಟಿ ಬಡಿಯುತ್ತಿತ್ತು, ಮನಸ್ಸು ಮದುವೆಯ ದಿನ ಎಷ್ಟು ಸೇರು ಅಕ್ಕಿ ನೆನೆಹಾಕಬೇಕು ಎಂಬಲ್ಲಿರುತ್ತಿತ್ತು. ಬಾಯಿ ನೆರೆಯವರ ಜೊತೆ ಮಾತಾಡುತ್ತಿತ್ತು, ಮನಸ್ಸು ಹಾಜರಾ ಇಲ್ಲದ ಮನೆಯ ಅಟ್ಟ, ಅಂಗಳ ಸುತ್ತಿ ಬರುತ್ತಿತ್ತು. ಯಾರಾದರೂ "ರೊಟ್ಟಿ ಬಡಿಯಾಕತ್ತೀಯಾ?" ಎಂದು ಕೇಳಿದರೆ "ಹೂಂ" ಅನ್ನುತ್ತಿದ್ದೆ, ಆ "ಹೂಂ" ಕೂಡ ಲಕ್ಷ್ಯವಿಲ್ಲದ ಹೂಂ. ಮೊದಲ ರಾತ್ರಿ ಒಂದು ಕಪ್ಪು ಚಹಾ ಬಂತು. ವಾರದೊಳಗೆ ಆರು ಕಪ್ಪು ಚಹಾ, ಹನ್ನೊಂದು ರೊಟ್ಟಿ, ಬಸವಂತಪ್ಪನ ನಾಲ್ಕು ನಮಸ್ಕಾರ, ಎಣ್ಣೆ ಮಾರುವವಳ ಪೂರ್ತಿ ಕಷ್ಟಸುಖ. ಎಲ್ಲರನ್ನೂ ವಿಚಾರಿಸಿಕೊಂಡು, ಚಹಾ ಕುಡಿದು, ರೊಟ್ಟಿ ತಿಂದು, ನಮಸ್ಕಾರಕ್ಕೆ ನಮಸ್ಕಾರ ಹೇಳಿ ಮುಗಿಸುವಷ್ಟರಲ್ಲಿ ಹಾಲಿನವಳು ಬಾಗಿಲು ಬಡಿಯುತ್ತಿದ್ದಳು. ನಿದ್ದೆಗೆಟ್ಟದ್ದಷ್ಟೇ ಅಲ್ಲ, ದಪ್ಪವೂ ಆದೆ.

ಇವರು ನನ್ನ ಪಕ್ಕದಲ್ಲೇ ಸತ್ತ ಹೆಣದಂತೆ ಮಲಗುತ್ತಿದ್ದರು. ಇವರ ಕಸುಬೇ ಹಾಗೆ. ಅರಳೆ ಹಿಂಜುವ ಬಿಲ್ಲಿನ ಹೆದೆಯನ್ನು ಒಂದು ಗಳಿಗೆ ಮರೆತರೆ ಮೂಗಿಗೇ ಬಡಿಯುತ್ತದೆ. "ಚಿಂತಿ ಇಲ್ಲದಾವಗ ಸಂತ್ಯಾಗೂ ನಿದ್ದಿ" ಎಂದು ನಾನು ಅಂದರೆ, "ಚಿಂತಿ ನನಗೂ ಐತಿ. ಅದಕ್ಕ ಸಂಜಿ ಹೊತ್ನ್ಯಾಗ ಕಟ್ಟಿ ಮ್ಯಾಲ ಕುಂತು ಒಂದ್ ತಾಸು ಅದನ್ನ ಮಾಡ್ತೀನಿ. ಚಿಂತಿ ಮಾಡೂ ಮುಂದ ಚಿಂತಿನ ಮಾಡಬೇಕು" ಅಂದರು. ಇಂಥವರ ಜೊತೆ ಏನು ಮಾತಾಡುವುದು ಹೇಳಿ!

ಗಾದಿಯನ್ನಂತೂ ಚೆನ್ನಾಗಿ ಹೊಲಿದೆ. ನಾಲ್ಕು ಸಲ ಹಿಂಜಿದ ಅರಳೆ, ಕೆಂಪು ಗೆರೆಯ ಬಟ್ಟೆ, ಅಂಚಿಗೆ ಎರಡೆರಡು ಟಾಕು. ಮದುವೆಗೆ ಹತ್ತು ದಿನ ಇರುವಾಗ ಅದರ ಮೇಲೆ ಮಲಗಿದೆ. ಎದ್ದು ಕೂತೆ. ಮಲಗಿದೆ. ಎದ್ದು ರೊಟ್ಟಿ ತಿಂದೆ. ಮೂರು ರಾತ್ರಿ ಹೀಗೆಯೇ ಕಳೆದ ಮೇಲೆ ನನಗೆ ಹಟ ಹುಟ್ಟಿತು. ಲಕ್ಷ್ಯ ಇಡಬೇಕು, ಅಷ್ಟೇ ತಾನೆ? ಇಟ್ಟರಾಯಿತು ಬಿಡು, ನಾನೇನು ಕಡಿಮೆಯೇ ಎಂದು ಮರುದಿನ ಬೆಳಗಿನಿಂದ ಶುರು ಮಾಡಿದೆ. ಯಾರೂ ಕೇಳುವ ಮೊದಲೇ ಕೂಗಿ ಹೇಳತೊಡಗಿದೆ: "ಎಡಗಾಲ ಇಡಾಕತ್ತೀನಿ! ಬಲಗಾಲ ಇಡಾಕತ್ತೀನಿ! ಚಹಾ ಕುಡಿಯಾಕತ್ತೀನಿ, ಬಿಸಿ ಐತಿ, ಸಕ್ರಿ ಜಾಸ್ತಿ ಆಗೇತಿ!" ಓಣಿಯ ಮಂದಿ ಮೊದಲು ಮೆಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಕಿವಿ ಮುಚ್ಚಿಕೊಂಡರು. ಕಾಲಿನ ಮೇಲೆ ಅಷ್ಟು ಲಕ್ಷ್ಯ ಇಟ್ಟು ನಡೆದವಳು ಹೊಸ್ತಿಲು ಎಡವಿ ಹಾಲಿನ ಪಾತ್ರೆಯ ಸಮೇತ ಬಿದ್ದೆ. ಆಗಲೂ ಬಿಡಲಿಲ್ಲ, "ಬೀಳಾಕತ್ತೀನಿ!" ಎಂದೆ.

ಆ ರಾತ್ರಿ ಏನೂ ಬರಲಾರದು ಎಂದು ಧೈರ್ಯವಾಗಿ ಮಲಗಿದರೆ ಚಹಾ ಬಂತು. ಚಹಾದ ಜೊತೆಗೆ "ಚಹಾ ಕುಡಿಯಾಕತ್ತೀನಿ" ಎಂಬ ನನ್ನ ದನಿಯೂ ಬಂತು. ಎಡಗಾಲಿನದೊಂದು ದನಿ, ಬಲಗಾಲಿನದೊಂದು ದನಿ, ಕೋಣೆಯ ತುಂಬ ನಾನೇ ನಾನು. ನನ್ನ ದನಿ ಇಷ್ಟು ಕರ್ಕಶ ಎಂದು ನನಗೆ ಅಂದೇ ತಿಳಿದದ್ದು. ಇಷ್ಟು ವರ್ಷ ಸಹಿಸಿಕೊಂಡ ಇವರ ಮೇಲೆ ಸ್ವಲ್ಪ ಗೌರವ ಬಂತು. ಬೆಳಿಗ್ಗೆ ಬಸವಂತಪ್ಪನ ಮುಂದೆ ಗೋಳು ತೋಡಿಕೊಂಡೆ. ಅವನು ತಲೆ ಕೆರೆದುಕೊಂಡು, "ಅಕ್ಕಾ, ನೀ ಚಹಾ ಎಲ್ಲಿ ಕುಡದೀ? ಔಷಧ ಕುಡದೀ. ನಿದ್ದಿ ಬರ್ಲಿ ಅಂತ ಕುಡದ್ರ ಅದು ಚಹಾ ಅಲ್ಲ" ಎಂದ. ಸತ್ಯ ಹೇಳಿದ. ನಾಲಿಗೆ ಚಹಾದ ಮೇಲಿದ್ದರೆ ಕಣ್ಣು ಇಡೀ ದಿನ ಆ ಗಾದಿಯ ಮೇಲೇ ಇತ್ತು. ಆದರೆ ಮದುವೆ ಹತ್ತಿರ ಬಂದಾಗ ಸತ್ಯ ಕಟ್ಟಿಕೊಂಡು ಏನು ಮಾಡಲಿ!

ಮದುವೆಗೆ ಎರಡು ದಿನ ಉಳಿದಾಗ ಇವರೇ ಒಂದು ಉಪಾಯ ಹೇಳಿದರು. ಮಲಗಿ ಎದ್ದ ಗಾದಿಯಲ್ಲಿ ನಡುವೆ ಒಂದು ತಗ್ಗು ಉಳಿಯುತ್ತದೆ, ಬೀಗರು ನೋಡುವುದು ಅದನ್ನೇ. ರುಬ್ಬುವ ಗುಂಡುಕಲ್ಲನ್ನು ನನ್ನ ಹಳೆಯ ಸೀರೆಯಲ್ಲಿ ಸುತ್ತಿ, ಗಾದಿಯ ನಡುವೆ ಮಲಗಿಸಿ, ಮೇಲೆ ಕೌದಿ ಹೊದಿಸಿದರು. ಕಲ್ಲು ಕದಲದೆ ಮಲಗಿತು. ನಾನು ಗೋಡೆಗೊರಗಿ ಕೂತು ಅದರ ಸುಖ ನೋಡಿ ಹೊಟ್ಟೆಕಿಚ್ಚುಪಟ್ಟೆ. ಬೆಳಿಗ್ಗೆ ತಗ್ಗು ಸೊಗಸಾಗಿ ಬಿದ್ದಿತ್ತು. ಇಬ್ಬರೂ ಗಾದಿ ಹೊತ್ತುಕೊಂಡು ಬೀಗರ ಮನೆಗೆ ಹೋದೆವು.

ಆ ಮನೆಯ ಹಿರಿಯಳು ಇಸ್ಮಾಯಿಲನ ಅಜ್ಜಿ ಮಾಬವ್ವ. ಎಂಬತ್ತರ ಮೇಲಾಗಿದೆ. ಭಟ್ಟಿಯ ಮುಂದೆ ಕೂತು ಮರಳಿನ ಬಿಸಿ ನೋಡುವ ಕಣ್ಣು ಅದು, ಒಂದು ಕಾಳು ಸೀದರೂ ಗೊತ್ತಾಗುತ್ತದೆ. ಗಾದಿಯ ಮೇಲೆ ಅಂಗೈ ಆಡಿಸಿದಳು. ಬಗ್ಗಿ ಮೂಸಿದಳು. ಆಮೇಲೆ ನನ್ನ ಮುಖ ನೋಡಿ, "ದಾವಲವ್ವಾ, ಈ ಕಲ್ಲು ಗೊರಕಿ ಹೊಡದಿತ್ತೇನಬೇ?" ಎಂದು ಕೇಳಿದಳು. ಭಟ್ಟಿಯ ಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇವರು ಮಾತ್ರ ಸುಮ್ಮನಿರದೆ, "ಕಲ್ಲೂ ಭಾಳ ದಣದಿತ್ತ್ರಿ" ಎಂದರು.

ಅಜ್ಜಿ ನಕ್ಕು ಮುಗಿಸಿ ಗಟ್ಟಿಯಾಗಿಯೇ ಹೇಳಿದಳು: "ನಿಕಾ ಆಗ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಗಾದಿ ಇಲ್ಲದ ಸೊಸಿ ಮನಿ ತುಂಬಂಗಿಲ್ಲ. ನೀ ಇದರ ಮ್ಯಾಲ ಖರೇ ನಿದ್ದಿ ಮಾಡಿ ಏಳೂತನಾ ಹುಡುಗಿ ನಿಮ್ಮನ್ಯಾಗ ಇರ್ಲಿ." ಇದು ಬರೀ ಬೆದರಿಕೆಯಲ್ಲ. ನನ್ನ ಅತ್ತೆಯ ಕಾಲದಲ್ಲಿ ಒಬ್ಬಳು ಹೀಗೆ ಮೂರು ವರ್ಷ ತವರಲ್ಲಿ ಉಳಿದಿದ್ದಳು. ಗಂಡ ದಿನಾ ಸಂಜೆ ಕಟ್ಟೆಗೆ ಬಂದು ಕೂತು ಮಾತಾಡಿಸಿ ಹೋಗುತ್ತಿದ್ದನಂತೆ. ಗಾದಿಯನ್ನು ಮತ್ತೆ ಹೊತ್ತುಕೊಂಡು ಮನೆಗೆ ಬಂದು ವಿಷಯ ಹೇಳಿದೆವು. ದಿಂಬಿನ ಚೀಲಕ್ಕೆ ಹೂವಿನ ಕಸೂತಿ ಹಾಕುತ್ತಿದ್ದ ಹಾಜರಾ ಸೂಜಿಯನ್ನು ಬಟ್ಟೆಗೆ ಚುಚ್ಚಿ, ಮಡಿಸಿ, ಪೆಟ್ಟಿಗೆಯಲ್ಲಿಟ್ಟಳು.

ಮದುವೆಯ ದಿನ ಬೆಳಿಗ್ಗೆ ಒಳಕೋಣೆಯಲ್ಲಿ ಗಾದಿ ಹಾಸಿಕೊಂಡು ಕೊನೆಯ ಪ್ರಯತ್ನ ಎಂದು ಕಣ್ಣು ಬಿಗಿಯಾಗಿ ಮುಚ್ಚಿ ಬಿದ್ದಿದ್ದೆ. ಹೊರಗೆ ಹಂದರದ ಕೆಳಗೆ ಒಲೆ ಹೊತ್ತಿಸುವವರ ಗದ್ದಲ. ಹಾಜರಾ ಬಂದು ಬಾಗಿಲು ಮುಂದೆ ಮಾಡಿ ಗಾದಿಯ ಅಂಚಿಗೆ ಕೂತಳು. ಮೈಗೆಲ್ಲ ಅರಿಶಿನ. "ಯವ್ವಾ, ಏನ್ ಮಾಡಾಕತ್ತಿ?" ಎಂದು ಕೇಳಿದಳು. "ನಿದ್ದಿ ಮಾಡಾಕ ನೋಡಾಕತ್ತೀನಿ" ಎಂದೆ. "ಅದಲ್ಲ. ಖರೇ ಹೇಳು. ಈಗ, ಈ ಗಳಿಗಿಗೆ, ಏನ್ ಮಾಡಾಕತ್ತಿ?" ಎಂದು ಮತ್ತೆ ಕೇಳಿದಳು. ನಮ್ಮೂರಲ್ಲಿ ಈ ಪ್ರಶ್ನೆಗೆ ಸುಳ್ಳು ಹೇಳುವ ಹಾಗಿಲ್ಲ. ಏನೋ ಹೇಳಲು ಬಾಯಿ ತೆರೆದೆ, ಬೇರೆಯೇ ಹೊರಗೆ ಬಂತು. "ಅಂಜಾಕತ್ತೀನಿ" ಎಂದೆ.

"ಯಾಕ?" ಎಂದಳು. "ನಾ ನಿದ್ದಿ ಹೋದ್ರ ನೀ ಹೋಗ್ತೀ" ಎಂದೆ. ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಒಂದು ತಿಂಗಳಿಂದ ನಾನು ಏನೇನೆಲ್ಲ ಗಮನಿಸಲು ಒದ್ದಾಡಿದ್ದೆ, ಇದೊಂದನ್ನು ಬಿಟ್ಟು. ಹಾಜರಾ ಕಣ್ಣರಳಿಸಿ, "ಅಂದ್ರ ಇಷ್ಟ ದಿನಾ ನಿದ್ದೀನ ನೀನ ಹೊರಗ ಹಾಕಿ ಅಗಳಿ ಜಡದಿದ್ದೀಯೇನು?" ಎಂದಳು. "ಗೊತ್ತಿಲ್ಲ ಮಗಾ. ಜಡದಿರಬೇಕು" ಎಂದೆ. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಹುಡುಗಿ ನಗಲು ಶುರು ಮಾಡಿದಳು. ನಗುತ್ತ ನಗುತ್ತ ಅತ್ತಳು, ಅಳುತ್ತಲೇ ಮತ್ತೆ ನಕ್ಕಳು. "ಮೂರ ಓಣಿ ದಾಟಿ ಹೋಗಾಕತ್ತೀನಿ ಯವ್ವಾ, ಏಳ ಸಮುದ್ರ ದಾಟಿ ಅಲ್ಲ!"

"ಗೊತ್ತೈತಿ. ಆದ್ರೂ ಅಂಜಿಕಿ ಆಗತೈತಿ" ಎಂದೆ. "ಆಗ್ಲಿ. ಅಂಜು. ನಾನೂ ಅಂಜಾಕತ್ತೀನಿ. ಇಬ್ರೂ ಕೂಡೇ ಅಂಜೂಣು" ಎಂದು ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಹಾಗೆಯೇ ಅಂಜುತ್ತ ಇದ್ದೆವು. ನಾನು ಅವಳ ಮುಖ ನೋಡಿದೆ. ಒಂದು ತಿಂಗಳಿಂದ ಮನೆಯಲ್ಲಿ ಮದುಮಗಳನ್ನು ಕಂಡಿದ್ದೆ, ಹಾಜರಾಳನ್ನು ಕಂಡಿರಲಿಲ್ಲ. ಎಡಹುಬ್ಬಿನ ಕೊನೆಯಲ್ಲಿ ಅರಿಶಿನ ಗಂಟುಗಟ್ಟಿತ್ತು. ಬಾಯಲ್ಲಿ ಏಲಕ್ಕಿಯ ವಾಸನೆ. ಕೆಳತುಟಿ ಕಚ್ಚುವ ಚಟ ಸಣ್ಣವಳಿದ್ದಾಗಿನದು, ಹಾಗೇ ಇದೆ. ನನಗೆ ನಿದ್ದೆ ಬೇಕಾಗಿರಲಿಲ್ಲ. ಆಣೆಗೂ ಬೇಕಾಗಿರಲಿಲ್ಲ. ಇನ್ನೊಂದು ಗಳಿಗೆ ನೋಡೋಣ, ಇನ್ನೊಂದು ಗಳಿಗೆ ಅಂದುಕೊಳ್ಳುತ್ತಿದ್ದೆ. ನೆನಪಿರುವುದು ಅಷ್ಟೇ.

ಮುಂದಿನದು ಅವರಿವರು ಹೇಳಿದ್ದು. ಮಧ್ಯಾಹ್ನ ಬೀಗರು ಬಂದಾಗ ನನ್ನ ಗೊರಕೆ ಹಂದರದವರೆಗೂ ಕೇಳುತ್ತಿತ್ತಂತೆ. ಮಾಬವ್ವಜ್ಜಿ ಒಳಗೆ ಬಂದು, ಬಗ್ಗಿ ಕಿವಿಗೊಟ್ಟು, "ಇದು ಕಲ್ಲಲ್ಲ" ಅಂದಳಂತೆ. ಇವರು ನನ್ನನ್ನು ಎಬ್ಬಿಸಲು ಕೈ ಚಾಚಿದರೆ ಆ ಕೈಗೇ ಒಂದು ಏಟು ಕೊಟ್ಟಳಂತೆ. "ತುಂಬು ನಿದ್ದಿ ಅಂದ್ರ ತುಂಬು ನಿದ್ದಿ. ಯಾರರೆ ಎಬ್ಬಿಸಿದ್ರ ನೋಡ್ರಿ ಮತ್ತ!" ಹೀಗಾಗಿ ನನ್ನ ಮಗಳ ಮದುವೆ ಪಿಸುಮಾತಿನಲ್ಲಿ ನಡೆಯಿತು. ಕಾಜಿಯವರು ಪಿಸುಗುಟ್ಟಿದರು. ಸನಾದಿಯವನು ಕೆನ್ನೆ ಉಬ್ಬಿಸಿ, ಬೆರಳಾಡಿಸಿ, ದನಿ ಮಾತ್ರ ತೆಗೆಯದೆ ಊದಿದ. ಮುನ್ನೂರು ಮಂದಿ ಸೌಟಿನ ಸಪ್ಪಳವಾಗದಂತೆ ಉಂಡರು. ಉಪ್ಪು ಬೇಕಾದವರು ಕೈಸನ್ನೆ ಮಾಡಿ ಕೇಳಿದರು. ಒಂದು ಕೂಸು ಅಳಲು ಬಾಯಿ ತೆರೆದರೆ ಐದು ಮಂದಿ ಓಡಿ ಬಂದು ಬಾಯಿಗೆ ಸಕ್ಕರೆ ಹಾಕಿದರಂತೆ.

ಹೊತ್ತು ಇಳಿಯಿತು, ನಾನು ಏಳಲಿಲ್ಲ. ಸೊಸೆಯನ್ನು ಬೆಳಕಿರುವಾಗಲೇ ಮನೆ ತುಂಬಿಸಿಕೊಳ್ಳಬೇಕು. ಅಜ್ಜಿ ಯೋಚಿಸಿ, "ಗಾದಿ ಎತ್ರಿ" ಅಂದಳು. "ಮ್ಯಾಲಿನಾಕಿ?" ಎಂದು ಇವರು ಕೇಳಿದ್ದಕ್ಕೆ, "ಅಕೀನೂ ಬರ್ಲಿ" ಅಂದಳಂತೆ. ನಾಲ್ಕು ಮೂಲೆಗೆ ಎಂಟು ಮಂದಿ ಹಿಡಿದು ಬಂಡಿಗೆ ಏರಿಸಿದರು. ಒಂದು ಪಕ್ಕ ಮದುಮಗ, ಒಂದು ಪಕ್ಕ ಮದುಮಗಳು, ನಡುವೆ ನಾನು. ಹಿಂದೆ ಇವರು ನನ್ನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆದರು. ಮೂರು ಓಣಿಯ ಜನರೂ ಬಾಗಿಲಿಗೆ ಬಂದು ನಿಂತರು. ಬಸವಂತಪ್ಪ ಮಾತ್ರ ರೂಢಿ ಬಿಡಲಾರದೆ ಬಂಡಿಯ ಹತ್ತಿರ ಬಂದು, ಬಾಯಿಗೆ ಕೈ ಅಡ್ಡ ಹಿಡಿದು, "ಅಕ್ಕಾ, ನಿದ್ದಿ ಮಾಡಾಕತ್ತೀಯಾ?" ಎಂದು ಕೇಳಿದನಂತೆ. ನಾನು ಗೊರಕೆಯಲ್ಲೇ "ಹೂಂ" ಅಂದೆನಂತೆ. ಇದನ್ನು ಮಾತ್ರ ನಾನು ನಂಬುವುದಿಲ್ಲ.

ದೀಪ ಹಚ್ಚುವ ಹೊತ್ತಿಗೆ ಎಚ್ಚರವಾಯಿತು. ಕಣ್ಣು ಬಿಟ್ಟರೆ ಗುರುತಿಲ್ಲದ ಸೂರು, ಹುರಿದ ಚುರುಮುರಿಯ ವಾಸನೆ, ಸುತ್ತ ಮಂದಿ. ಗಡಬಡಿಸಿ ಎದ್ದು ಕೂತು, "ನಿಕಾ ಎಷ್ಟೊತ್ತಿಗೆ?" ಎಂದೆ. ಮಧ್ಯಾಹ್ನದಿಂದ ತಡೆದಿಟ್ಟ ನಗುವನ್ನೆಲ್ಲ ಆ ಮನೆಯವರು ಒಮ್ಮೆಗೇ ನಕ್ಕರು. "ನಿಕಾ ಆತು, ಊಟ ಆತು, ಮೆರವಣಿಗಿನೂ ಆತು. ಮಗಳನ್ನ ಕಳಿಸಿಕೊಡಬೇಕಾದಾಕಿ ನೀನ ಮೊದಲ ಬಂದೀ" ಎಂದು ಅಜ್ಜಿ ಗಾದಿಯನ್ನು ಪಟಪಟ ತಟ್ಟಿದಳು. "ಇಂಥಾ ಗಾದಿ ಈ ಊರಾಗ ಯಾ ಸೊಸಿನೂ ತಂದಿಲ್ಲ." ಎಲ್ಲರ ಬಾಯಲ್ಲಿ ಸಕ್ಕರೆ. ನನಗೆ ಮಾತ್ರ ದುಃಖ ಒತ್ತರಿಸಿ ಬಂತು. ಇರುವ ಒಬ್ಬಳೇ ಮಗಳು, ಅವಳ ಒಂದೇ ಮದುವೆ, ಹೆತ್ತವಳು ಗೊರಕೆ ಹೊಡೆದಳು! ಹಾಜರಾಳ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಅವಳು ಸೆರಗಿನಿಂದ ನನ್ನ ಮೂಗು ಒರೆಸಿ, "ಮೊದಲ ಊಟಾ ಮಾಡು ಯವ್ವಾ" ಎಂದು ತಾಟು ಮುಂದೆ ಇಟ್ಟಳು. ಉಂಡೆ. ಆ ಮನೆಯ ಅನ್ನ ಚೆನ್ನಾಗಿತ್ತು, ಅದನ್ನು ನಾನು ಗಮನಿಸಿದೆ.

ಮನೆಗೆ ಬಂದೆವು. ಹಂದರದಲ್ಲಿ ಬಾಳೆ ಎಲೆ ಬಿದ್ದಿದ್ದವು. ಇವರು ಕಟ್ಟೆಯ ಮೇಲೆ ತಮ್ಮ ಒಂದು ತಾಸಿನ ಚಿಂತೆ ಮಾಡಿದರು. ಅಂದು ಸ್ವಲ್ಪ ಅತ್ತರು ಕೂಡ, ನಾನು ಕಂಡರೂ ಕೇಳಲಿಲ್ಲ. ಆಮೇಲೆ ಒಳಗೆ ಬಂದು ತಲೆ ಊರಿದವರು ಊರಿದ ಹಾಗೇ ಮಲಗಿದರು. ನಾನು ದೀಪ ಸಣ್ಣದು ಮಾಡಿ ಚಾಪೆಯ ಮೇಲೆ ಅಡ್ಡಾದೆ. ಮನೆ ಅಷ್ಟು ಸಪ್ಪಳವಿಲ್ಲದೆ ಇದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಆಗ ಬಾಗಿಲ ಹತ್ತಿರ ಯಾರೋ "ಶ್‌!" ಅಂದರು. ಎದ್ದು ಕೂತೆ. ತುದಿಗಾಲ ಮೇಲೆ, ಒಬ್ಬರ ಹಿಂದೆ ಒಬ್ಬರು, ಬಾಯಿಗೆ ಬೆರಳು ಇಟ್ಟುಕೊಂಡು ಮಂದಿ ಒಳಗೆ ಬರತೊಡಗಿದರು. ಕೆನ್ನೆ ಉಬ್ಬಿಸಿದ ಸನಾದಿಯವನು ಬಂದ. ಮುಖಕ್ಕೆ ಹೂವಿನ ಜಾಲರಿ ಕಟ್ಟಿಕೊಂಡ ಇಸ್ಮಾಯಿಲ ಬಂದು ಹೊಸ್ತಿಲು ಎಡವಿದ. ಕಾಜಿಯವರು ಬಂದರು. ಕಣ್ಣೆದುರು ನಡೆದರೂ ನಾನು ಕಾಣದೆ ಬಿಟ್ಟ ಮದುವೆ ಪೂರ್ತಿಯಾಗಿ ನನ್ನ ಮನೆಗೆ ಬಂದಿತ್ತು. ಗಡಬಡಿಸಿ ಕೂದಲು ಸರಿಮಾಡಿಕೊಂಡು, ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದು ಮೈಮೇಲೆ ಹೊದ್ದುಕೊಂಡು ಕೂತೆ.

ಕೊನೆಗೆ ಹಾಜರಾ ಬಂದು ನನ್ನ ಪಕ್ಕದಲ್ಲೇ ಕೂತಳು, ಹಸಿರು ಸೀರೆ, ತಲೆಯ ಮೇಲೆ ಸೆರಗು. ಒಪ್ಪಿಗೆಯೇ ಎಂದು ಹಿರಿಯರು ಮೂರು ಸಲ ಕೇಳಿದರು. ಮೂರು ಸಲವೂ ಅವಳು ಕೆಳತುಟಿ ಕಚ್ಚಿ, ಬಿಟ್ಟು, "ಕಬೂಲ್" ಅಂದಳು. ಆಮೇಲೆ ಯಾರೂ ನೋಡದಾಗ ಬಗ್ಗಿ, ನನ್ನ ಕಿವಿಗೆ ಬಾಯಿ ಹಚ್ಚಿ, "ಯವ್ವಾ, ನಾ ಲಗ್ನಾ ಆಗಾಕತ್ತೀನಿ. ನೀ ನೋಡಾಕತ್ತೀ ಇಲ್ಲೋ?" ಎಂದು ಕೇಳಿದಳು.

"ನೋಡಾಕತ್ತೀನಿ ಮಗಾ" ಎಂದೆ, ಯಾರಿಗೂ ಎಚ್ಚರವಾಗದ ಹಾಗೆ. "ನೋಡಾಕತ್ತೀನಿ."